ತಾರಸಿಯ ಹಸಿರುಮನೆಯಲ್ಲಿ ವೆನಿಲ್ಲಾ: ಬಳ್ಳಿ ಸೂರು ಮುಟ್ಟಿದೆ, ಹೂವಿನ ಸುಳಿವಿಲ್ಲ

ತಾರಸಿತೋಟ (ಕುವೆಂಪುನಗರ, ಮೈಸೂರು), ಸೆಪ್ಟೆಂಬರ್

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯ ಕಡೆ ಮನೆಯಲ್ಲೇ ವೆನಿಲ್ಲಾ ಬಳ್ಳಿ ಹಾಕಿದವರು ಯಾರಾದರೂ ಇದ್ದೀರಾ?

ನಮ್ಮ ತಾರಸಿಯ ಮೂಲೆಯಲ್ಲಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಚಿಕ್ಕ ಹಸಿರುಮನೆ ಇದೆ. ಜಿಐ ಪೈಪಿನ ಚೌಕಟ್ಟು, ಮೇಲೆ ಪಾಲಿಥೀನ್ ಹಾಳೆ, ಸುತ್ತಲೂ ಹಸಿರು ಶೇಡ್ ನೆಟ್. ಆರ್ಕಿಡ್‌ಗೆ ಅಂತ ಕಟ್ಟಿಸಿದ್ದು. ಶಿರಸಿ ಕಡೆಯ ನೆಂಟರ ತೋಟದಿಂದ ಬಂದ ವೆನಿಲ್ಲಾ ತುಂಡು ಈಗ ಅದನ್ನು ಪೂರ್ತಿ ತನ್ನದು ಮಾಡಿಕೊಂಡಿದೆ. ಅದೂ ಆರ್ಕಿಡ್ ಜಾತಿಯೇ ಅಂತೆ, ಹಾಗಾಗಿ ದೂರುವಂತಿಲ್ಲ.

ನೆಟ್ಟು ಮೂರು ವರ್ಷ ದಾಟಿತು. ಎಲೆ ದಪ್ಪಗೆ, ಹೊಳೆಯುವ ಹಸಿರು. ಎಲ್ಲೂ ಒಂದು ಚುಕ್ಕೆ ಇಲ್ಲ. ಪ್ರತಿ ಎಲೆಯ ಎದುರಿಗೆ ಒಂದು ಬೇರು ಹೊರಟು ಪೈಪನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ದಿನಾ ಬೆಳಗ್ಗೆ ನೀರು, ಸಂಜೆ ಸ್ಪ್ರೇ, ಆಗಾಗ ಕಡಲೆಕಾಯಿ ಹಿಂಡಿ ನೆನೆಸಿದ ನೀರು. ಹೂ ಮಾತ್ರ ಇಲ್ಲ. ಏನು ಕಮ್ಮಿಯಾಗಿದೆ?

ಮಂಡ್ಯದ ಕಬ್ಬು (ಮದ್ದೂರು)

ಹೂ ಬಿಡದ ಬಳ್ಳಿಗೆ ಇಷ್ಟು ಸೇವೆಯಾ ಮೇಡಂ! ನಮ್ಮ ಹಟ್ಟಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ದನದ ಬಾಯಿಗೆ ಹೋಗಿರುತ್ತಿತ್ತು. ತಮಾಷೆಗೆ ಅಂದೆ. ಮುಂದೇನಾಗುತ್ತದೆ ಅಂತ ನನಗೂ ನೋಡುವ ಆಸೆ. ಒಂದು ತುಂಡು ನನಗೂ ಎತ್ತಿಟ್ಟಿರಿ.

ಘಟ್ಟದ ತೋಟ (ಸಾಗರ)

ಏನೂ ಕಮ್ಮಿಯಾಗಿಲ್ಲ ಅಕ್ಕ. ಅದೇ ತೊಂದರೆ.

ವೆನಿಲ್ಲಾ ಮೇಲೆ ಹತ್ತುತ್ತಾ ಇರುವಷ್ಟು ದಿನ ಹೂವಿನ ಯೋಚನೆ ಮಾಡುವುದಿಲ್ಲ. ನಾವು ತೋಟದಲ್ಲಿ ಮಾಡುವುದು ಇಷ್ಟು. ಬಳ್ಳಿ ಆಳೆತ್ತರ ಹೋದಮೇಲೆ ಅದನ್ನು ಕವಲಿನ ಮೇಲೆ ಹಾಯಿಸಿ ಕೆಳಗೆ ಇಳಿಬಿಡುತ್ತೇವೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಜೋತು ಬಿದ್ದ ತುದಿಯನ್ನು ನಾಲ್ಕೈದು ಇಂಚು ಚಿವುಟುತ್ತೇವೆ. ಅಷ್ಟರಲ್ಲಿ ಮಳೆ ಹಿಂದೆ ಸರಿಯುತ್ತದೆ. ಬಳ್ಳಿಗೆ ಸುಮಾರು ಎರಡು ತಿಂಗಳು ನೀರಿನ ಬರ. ಓಡುವ ದಾರಿ ಮುಚ್ಚಿ, ಕುಡಿಯಲೂ ಸಿಗದೆ ಹೋದಾಗ ಎಲೆಯ ಕಂಕುಳಲ್ಲಿ ಮೊಗ್ಗು ಕೂರುತ್ತದೆ. ಒಮ್ಮೆ ಹೂ ಬಿಟ್ಟ ಕಂಕುಳಲ್ಲಿ ಮತ್ತೆ ಬಿಡುವುದಿಲ್ಲ, ಅದಕ್ಕೇ ಪ್ರತಿ ವರ್ಷ ಹೊಸ ಬಳ್ಳಿಯನ್ನು ಇಳಿಬಿಡುತ್ತಾ ಹೋಗಬೇಕು.

ಹಿಂಡಿ ನೀರನ್ನೂ ಸದ್ಯಕ್ಕೆ ನಿಲ್ಲಿಸಿ. ಅದು ಎಲೆಗೆ ಒಳ್ಳೆಯದು, ಹೂವಿಗಲ್ಲ.

ಎಲೆತೋಟ (ಮೈಸೂರು)

ಸಾಗರದವರು ಹೇಳಿದ್ದು ಕೇಳಿ ನಮ್ಮಪ್ಪ ನಕ್ಕರು. ವೀಳ್ಯದೆಲೆ ತೋಟದಲ್ಲಿ ನಾವೂ ಬಳ್ಳಿ ಇಳಿಸುತ್ತೇವೆ. ಅಗಸೆ ಮರದ ನೆತ್ತಿ ಮುಟ್ಟಿದ ಬಳ್ಳಿಯನ್ನು ಬಿಡಿಸಿ, ಬುಡದಲ್ಲಿ ಸುತ್ತಿ, ತುದಿಯನ್ನು ಮತ್ತೆ ಮರಕ್ಕೆ ಕಟ್ಟುತ್ತೇವೆ. ಆದರೆ ನಮಗೆ ಬೇಕಾದ್ದು ಹೊಸ ಎಲೆ, ಹಾಗಾಗಿ ನೀರು, ಗೊಬ್ಬರ ಎರಡೂ ಧಾರಾಳ. ನೀವು ಬಳ್ಳಿ ಇಳಿಸಿ, ಉಳಿದದ್ದೆಲ್ಲ ತಿರುವುಮುರುವು ಮಾಡಬೇಕು ಅನ್ನಿ.

ಒಂದು ಮಾತು. ಇಳಿಸುವಾಗ ಪೈಪಿಗೆ ಅಂಟಿದ ಬೇರನ್ನು ಎಳೆಯಬೇಡಿ, ಸಿಪ್ಪೆ ಸಮೇತ ಕಿತ್ತು ಬರುತ್ತದೆ. ಚಾಕುವಿನಿಂದ ಪೈಪಿನ ಪಕ್ಕದಲ್ಲೇ ಕೊಯ್ಯಿರಿ. ಬೆಳಗಿನ ಹೊತ್ತು ಕಾಂಡ ನೀರು ತುಂಬಿ ಬಿಗಿಯಾಗಿರುತ್ತದೆ, ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಮಧ್ಯಾಹ್ನ ಸ್ವಲ್ಪ ಬಾಡಿದಮೇಲೆ ಬಗ್ಗಿಸಿ.

ತಾರಸಿತೋಟ

ಇಬ್ಬರಿಗೂ ಥ್ಯಾಂಕ್ಸ್. ಬಳ್ಳಿ ಇಳಿಸುವುದು ಸರಿ. ಆದರೆ ನೀರು ನಿಲ್ಲಿಸುವ ಮಾತಿಗೆ ನನಗೆ ಧೈರ್ಯ ಸಾಲುತ್ತಿಲ್ಲ. ಮೈಸೂರಿನ ಗಾಳಿ ಸಾಗರದ ಗಾಳಿಯಲ್ಲ ಅಲ್ವಾ? ಫೆಬ್ರವರಿ ಕಳೆದರೆ ನಮ್ಮ ಮೀಟರಿನಲ್ಲಿ ಮಧ್ಯಾಹ್ನದ ತೇವಾಂಶ 30ರ ಕೆಳಗೆ ಹೋಗುತ್ತದೆ. ಹಸಿರುಮನೆ ಕಟ್ಟಿ, ಅದರೊಳಗೇ ಬಳ್ಳಿಯನ್ನು ಒಣಗಿಸುವುದು ಅಂದರೆ ಏನು ಅರ್ಥ?

ಮೇಷ್ಟ್ರು (ಒಂಟಿಕೊಪ್ಪಲು)

ನಿಮ್ಮ ಪ್ರಶ್ನೆ ಚೆನ್ನಾಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪಾಠ ಮಾಡುವ ಚಟ ಇನ್ನೂ ಹೋಗಿಲ್ಲ.

ಹಸಿರುಮನೆ ಅಂದ ಕೂಡಲೇ ನಮಗೆ ನೆನಪಾಗುವುದು ಚಳಿ ದೇಶದ ಗಾಜಿನ ಮನೆ. ಅಲ್ಲಿ ಅದರ ಕೆಲಸ ಶಾಖ ಹಿಡಿದಿಡುವುದು. ನಮಗೆ ಶಾಖದ ಸಾಲವೇನೂ ಬೇಡ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಜನವರಿ ರಾತ್ರಿಯೂ ಸಾಮಾನ್ಯವಾಗಿ 15, 16 ಡಿಗ್ರಿಯ ಆಸುಪಾಸು. ವೆನಿಲ್ಲಾ ಅದನ್ನು ತಡೆದುಕೊಳ್ಳುತ್ತದೆ. ಇಲ್ಲಿ ಕೊರತೆ ಇರುವುದು ಮಳೆಯದ್ದು, ತೇವದ್ದು. ಆ ಬಳ್ಳಿ ಬಯಸುವುದು ವರ್ಷಕ್ಕೆ 1,500 ಮಿಲಿಮೀಟರಿಗೂ ಮೇಲಿನ ಮಳೆ. ನಮ್ಮಲ್ಲಿ ಬೀಳುವುದು ಹೆಚ್ಚುಕಮ್ಮಿ ಅದರ ಅರ್ಧ.

ಹಾಗಾಗಿ ನಿಮ್ಮ ಹಸಿರುಮನೆಗೆ ಇರುವುದು ಬೇರೆ ಕೆಲಸ. ಒಂದು, ಅರ್ಧ ಬಿಸಿಲು ಸೋಸಬೇಕು. ಎರಡು, ಗಾಳಿಯ ತೇವ ಹಿಡಿಯಬೇಕು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಮಳೆಯನ್ನು ತಡೆಯುತ್ತದೆ. ಮೈಸೂರು, ಮಂಡ್ಯಕ್ಕೆ ಅಕ್ಟೋಬರಿನಲ್ಲಿ ಒಳ್ಳೆ ಮಳೆ. ದಸರಾ ಹೊತ್ತಿಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಕೊಡೆ ಹಿಡಿದು ಹೋದವರಿಗೆ ಗೊತ್ತು. ಬಳ್ಳಿಗೆ ಬಾಯಾರಿಕೆ ಬೇಕಾದ ಹೊತ್ತಿನಲ್ಲೇ ಬಯಲಿನಲ್ಲಿ ನೀರು ಸುರಿಯುತ್ತದೆ. ನಿಮ್ಮ ತಲೆಯ ಮೇಲೆ ಪಾಲಿಥೀನ್ ಇದೆ. ಬರವನ್ನು ನೀವೇ ತರಿಸಬಹುದು.

ಬೇರಿನ ಬರ ಬೇರೆ, ಗಾಳಿಯ ಬರ ಬೇರೆ. ಕುಂಡಕ್ಕೆ ನೀರು ಕಮ್ಮಿ ಮಾಡಿ. ನೆಲಕ್ಕೆ ನೀರು ಚೆಲ್ಲಿ, ಮೂಲೆಯಲ್ಲಿ ಒಂದು ತೊಟ್ಟಿ ಇಡಿ. ಗಾಳಿ ತಂಪಾಗಿರಲಿ, ಬೇರು ಒಣಗಿರಲಿ.

ಬಿಸಿಲುಕೋಲು (ವಿಜಯನಗರ, ಮೈಸೂರು)

ಮೇಷ್ಟ್ರ ಮಾತು ಒಪ್ಪುತ್ತೇನೆ. ಪಾಲಿಥೀನ್ ಬಗ್ಗೆ ಮಾತ್ರ ತಕರಾರು. ಏಪ್ರಿಲ್‌ನಲ್ಲಿ ಹೊರಗೆ 35 ಡಿಗ್ರಿ ಇದ್ದರೆ ಹಾಳೆಯ ಕೆಳಗೆ 40 ದಾಟುತ್ತದೆ. ಆರ್‌ಸಿಸಿ ತಾರಸಿ ಬೇರೆ, ರಾತ್ರಿಯೆಲ್ಲ ಕೆಳಗಿಂದ ಕಾವು. ಹಾಳೆಯ ನೆತ್ತಿಯಲ್ಲಿ ಒಂದಡಿ ಸಂದು ಬಿಡಿಸಿ. ಹಾಳೆಯ ಮೇಲೊಂದು 50 ಪರ್ಸೆಂಟ್ ನೆಟ್ ಹೊದಿಸಿ. ಒಳಗೆ ಹೊದಿಸಿದರೆ ಪ್ರಯೋಜನ ಅಷ್ಟಕ್ಕಷ್ಟೇ, ಕಾವು ಆಗಲೇ ಒಳಗೆ ಬಂದಿರುತ್ತದೆ.

ಹೊಸ ಚಿಗುರು

ಆನ್‌ಲೈನ್‌ನಲ್ಲಿ ವೆನಿಲ್ಲಾ ಬೀಜದ ಪ್ಯಾಕೆಟ್ ಸಿಗುತ್ತಿದೆ. ತೊಗೊಳ್ಳಬಹುದಾ?

ಘಟ್ಟದ ತೋಟ

ಬೇಡ ತಮ್ಮ. ವೆನಿಲ್ಲಾ ಬೀಜ ಅಂದರೆ ಕಪ್ಪು ಹುಡಿ. ಒಂದು ಕಾಯಿಯಲ್ಲಿ ಸಾವಿರಗಟ್ಟಲೆ ಇರುತ್ತದೆ. ಅದರೊಳಗೆ ಮೊಳಕೆಗೆ ಬೇಕಾದ ಆಹಾರ ಇಲ್ಲ, ಒಂದು ಜಾತಿಯ ಶಿಲೀಂಧ್ರದ ಸಹಾಯ ಬೇಕು. ಲ್ಯಾಬಿನಲ್ಲಿ ಮಾಡುತ್ತಾರೆ, ಕುಂಡದಲ್ಲಿ ಆಗದು. ಎಲ್ಲರೂ ಬೆಳೆಸುವುದು ಬಳ್ಳಿ ತುಂಡಿನಿಂದಲೇ.

ಹೂವಿನ ಹುಚ್ಚಿ (ಶ್ರೀರಂಗಪಟ್ಟಣ)

ಮಧ್ಯೆ ಬಾಯಿ ಹಾಕುತ್ತೇನೆ. ಇಷ್ಟೆಲ್ಲ ಕಷ್ಟ ಯಾಕೆ? ಥನ್ಬರ್ಜಿಯಾ ಮೈಸೂರೆನ್ಸಿಸ್ ಹಾಕಿ! ನಮ್ಮ ಪಶ್ಚಿಮ ಘಟ್ಟದ್ದೇ ಬಳ್ಳಿ, ಊರಿನ ಹೆಸರೂ ಇದೆ. ಹಳದಿ, ಕೆಂಗಂದು ಹೂಗಳ ಮಾಲೆ ಎರಡು ಮೂರು ಅಡಿ ಉದ್ದಕ್ಕೆ ಚಪ್ಪರದಿಂದ ಜೋಲುತ್ತದೆ. ಸೂರಕ್ಕಿಗಳು ಬೆಳಗಾದರೆ ಹಾಜರ್. ಇಂಗ್ಲೆಂಡಿನವರು ಇದನ್ನು ಗಾಜಿನ ಮನೆಯಲ್ಲಿ ಬಿಸಿ ಕೊಟ್ಟು ಸಾಕುತ್ತಾರೆ. ನಮಗೆ ನಾಲ್ಕು ಕಂಬ, ಒಂದು ತಂತಿ ಸಾಕು.

ಮೇಷ್ಟ್ರು

ಸತ್ಯವಾದ ಮಾತು. ಅದರ ಚಂದವೇ ಬೇರೆ. ಆದರೆ ಅದರಿಂದ ಐಸ್‌ಕ್ರೀಮ್ ಆಗುವುದಿಲ್ಲವಲ್ಲ ತಾಯಿ.

ತಾರಸಿತೋಟ, ನವೆಂಬರ್

ಅಪ್ಡೇಟ್. ಬಳ್ಳಿ ಇಳಿಸಿಯಾಯಿತು, ತುದಿ ಚಿವುಟಿಯಾಯಿತು. ಎಲೆತೋಟದವರ ಚಾಕು ಉಪಾಯ ಕೆಲಸ ಮಾಡಿತು. ಕುಂಡದ ನೀರು ಬಹಳ ಕಮ್ಮಿ ಮಾಡಿದ್ದೇನೆ. ಕೆಳಗಿನ ಎಲೆಗಳು ಸ್ವಲ್ಪ ತೆಳ್ಳಗಾಗಿ ಒಳಕ್ಕೆ ಮಡಚಿವೆ. ನಮ್ಮತ್ತೆ ದಿನಾ ಬಂದು ನೋಡಿ, "ಗಿಡಕ್ಕೆ ಉಪವಾಸ ಹಾಕಿದ್ದೀಯಲ್ಲೇ" ಅನ್ನುತ್ತಾರೆ.

ಚಿವುಟಿದ ತುದಿಯ ರಸ ಮಣಿಕಟ್ಟಿಗೆ ತಾಗಿ ಒಂದು ದಿನ ಪೂರ್ತಿ ನವೆ. ಗ್ಲೌಸ್ ಹಾಕಿಕೊಳ್ಳಿ ಅಂತ ಯಾರೂ ಹೇಳಲೇ ಇಲ್ಲ!

ಘಟ್ಟದ ತೋಟ

ಅಯ್ಯೋ, ನಮಗೆ ಅಭ್ಯಾಸವಾಗಿ ಮರೆತೇ ಹೋಗುತ್ತದೆ. ಕೊಬ್ಬರಿ ಎಣ್ಣೆ ಸವರಿ.

ಎಲೆ ಮಡಚಿದರೆ ಹೆದರಬೇಡಿ. ಕಾಂಡ ಸುಕ್ಕುಗಟ್ಟಿದರೆ ಮಾತ್ರ ಒಂದು ಚೊಂಬು ನೀರು ಕೊಡಿ. ಬುಡ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದರೆ ಅದು ಬಾಯಾರಿಕೆಯಲ್ಲ, ಫ್ಯುಸೇರಿಯಂ ಅನ್ನುವ ಶಿಲೀಂಧ್ರದ ಕೊಳೆ. ಆಗ ಆರೋಗ್ಯವಾಗಿರುವ ಮೇಲಿನ ಭಾಗ ಕತ್ತರಿಸಿ ಬೇರೆ ಕುಂಡಕ್ಕೆ ಹಾಕಬೇಕು. ಹಳೆ ಮಿಶ್ರಣ ಮತ್ತೆ ಬಳಸಬೇಡಿ. ನಮ್ಮ ಕಡೆ ಎಷ್ಟೋ ತೋಟ ಹೋದದ್ದು ಇದರಿಂದಲೇ.

ಮಂಡ್ಯದ ಕಬ್ಬು

ಸಾರ್, ನಿಮ್ಮ ಕಡೆ ವೆನಿಲ್ಲಾದಿಂದ ಜನ ಕಾರು, ಬಂಗಲೆ ಮಾಡಿದರು ಅಂತ ಕೇಳಿದ್ದೆ. ನಿಜವಾ?

ಘಟ್ಟದ ತೋಟ

ಮಾಡಿದವರೂ ಇದ್ದರು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿಯಿತು. ಜಗತ್ತಿನ ವೆನಿಲ್ಲಾದಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುವುದು. ರೇಟು ಏರುತ್ತಾ ಹೋಗಿ 2003ರ ಸುಮಾರಿಗೆ ಇಲ್ಲಿ ಹಸಿ ಕಾಯಿಗೇ ಕೆಜಿಗೆ ಮೂರು ಸಾವಿರ ರೂಪಾಯಿ ದಾಟಿತು. ರಾತ್ರಿ ಟಾರ್ಚು, ನಾಯಿ ಹಿಡಿದುಕೊಂಡು ತೋಟ ಕಾಯುತ್ತಿದ್ದೆವು. ಬಳ್ಳಿ ತುಂಡನ್ನು ಮೀಟರ್ ಲೆಕ್ಕದಲ್ಲಿ ಮಾರುತ್ತಿದ್ದರು. ಕಾಯಿಗಿಂತ ತುಂಡು ಮಾರಿದವರೇ ಜಾಸ್ತಿ ದುಡ್ಡು ಮಾಡಿದ್ದು ಅಂತ ನನ್ನ ಅಂದಾಜು. ಕೆಲವೇ ವರ್ಷದಲ್ಲಿ ಬೆಲೆ ನೆಲ ಕಚ್ಚಿತು. ಅಡಿಕೆ ಮರಕ್ಕೆ ಹಬ್ಬಿದ್ದನ್ನೆಲ್ಲ ಕಿತ್ತು ಹಾಕಿದರು. ನಾನು ಹಿತ್ತಲ ಕಡೆಯ ನಾಲ್ಕು ಸಾಲು ಉಳಿಸಿಕೊಂಡೆ. ಈಗ ಮನೆ ಖರ್ಚಿಗೆ, ನೆಂಟರಿಗೆ.

ತಾರಸಿತೋಟ, ಮಾರ್ಚ್

ಬಂದೇ ಬಿಟ್ಟಿತು! ಇಳಿಬಿಟ್ಟ ಬಳ್ಳಿಯ ಕಂಕುಳುಗಳಲ್ಲಿ ತಿಳಿಹಸಿರು ಗಂಟು. ಮೊದಲು ಹೊಸ ಕವಲು ಅಂದುಕೊಂಡೆ. ಈಗ ಮೊಗ್ಗುಗಳು ಒಂದರ ಮೇಲೊಂದು ಕೂತಿವೆ. ಗೊಂಚಲಿಗೆ ಹದಿನೈದಿಪ್ಪತ್ತು ಇರಬಹುದು. ಈಗ ನೀರು ಕೊಡಬಹುದಾ? ಪರಾಗಸ್ಪರ್ಶ ಹೇಗೆ? ವಿಡಿಯೋಗಳಲ್ಲಿ ಕೈ ಅಡ್ಡ ಬಂದು ಒಂದೂ ಸರಿಯಾಗಿ ಕಾಣುವುದಿಲ್ಲ.

ಘಟ್ಟದ ತೋಟ

ಶಭಾಷ್! ನೀರು ಈಗ ಹದವಾಗಿ ಶುರು ಮಾಡಿ.

ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಗೊಂಚಲಿನಲ್ಲಿ ದಿನಕ್ಕೆ ಒಂದು, ಅಪರೂಪಕ್ಕೆ ಎರಡು ಮೂರು. ಅದೇ ದಿನ ಕೆಲಸ ಆಗಬೇಕು. ಕಾಫಿ ಕುಡಿದು ಮೇಲೆ ಹೋದರೆ ಸರಿ.

ಮೊಂಡು ತುದಿಯ ಸಣ್ಣ ಕಡ್ಡಿ ಬೇಕು. ಊದುಬತ್ತಿಯ ಕಡ್ಡಿಯನ್ನೇ ಚೂಪು ಮಾಡಿ, ತುದಿ ಸ್ವಲ್ಪ ಉಜ್ಜಿ. ಎಡಗೈಯಲ್ಲಿ ಹೂವನ್ನು ಹಿಂದಿನಿಂದ ಹಿಡಿಯಿರಿ. ಕೊಳವೆಯಂತೆ ಸುತ್ತಿಕೊಂಡ ದಳ ಒಂದಿದೆ, ಅದನ್ನು ಕಡ್ಡಿಯಿಂದ ಉದ್ದಕ್ಕೆ ಸೀಳಿ ಕೆಳಗೆ ಸರಿಸಿ. ಒಳಗೆ ಬಿಳಿ ಕಂಬ ಕಾಣುತ್ತದೆ. ಅದರ ತಲೆಯ ಮೇಲೆ ಪುಟ್ಟ ಟೋಪಿ, ಟೋಪಿಯೊಳಗೆ ಹಳದಿ ಪರಾಗ. ಅದರ ಕೆಳಗೆ ಅಂಟಂಟಾದ ಜಾಗ ಇದೆ, ಪರಾಗ ತಾಗಬೇಕಾದ್ದು ಅಲ್ಲಿಗೆ. ಎರಡರ ನಡುವೆ ತೆಳ್ಳನೆಯ ಒಂದು ಪರದೆ ಅಡ್ಡ. ಕಡ್ಡಿಯಿಂದ ಪರದೆಯನ್ನು ಮೇಲಕ್ಕೆ ಎತ್ತಿ. ಎತ್ತಿ ಹಿಡಿದಂತೆಯೇ ಹೆಬ್ಬೆರಳಿನಿಂದ ಟೋಪಿಯನ್ನು ಮೆಲ್ಲಗೆ ಕೆಳಗೆ ಒತ್ತಿ. ಕಡ್ಡಿ ಎಳೆದುಕೊಳ್ಳಿ. ಆಯಿತು.

ಕೂಡಿದ ಹೂ ಬಾಡಿದರೂ ಕಾಯಿಗೇ ಅಂಟಿಕೊಂಡಿರುತ್ತದೆ. ಕೂಡದ್ದು ಒಂದೆರಡು ದಿನದಲ್ಲಿ ಉದುರುತ್ತದೆ. ಗೊಂಚಲಿಗೆ ಎಂಟು ಹತ್ತು ಸಾಕು, ಆಸೆಪಟ್ಟು ಎಲ್ಲವನ್ನೂ ಮುಟ್ಟಬೇಡಿ. ಬಳ್ಳಿ ಸೊರಗುತ್ತದೆ.

ಹೊಸ ಚಿಗುರು

ಜೇನುಹುಳ ಮಾಡುವುದಿಲ್ಲವಾ? ನಮ್ಮ ತಾರಸಿಗೆ ತುಡುವೆ ಬರುತ್ತದೆ.

ಮೇಷ್ಟ್ರು

ಆ ಪರದೆ ದಾಟುವುದು ನಮ್ಮ ಜೇನಿಗೆ ಆಗದ ಕೆಲಸ. ಬಳ್ಳಿಯ ತವರು ಮೆಕ್ಸಿಕೋ ಕಡೆ. ಹೊರಗಿನವರು ಬಳ್ಳಿ ಒಯ್ದರು, ಕಾಯಿ ಮಾತ್ರ ಕಾಣಲಿಲ್ಲ. ಸುಮಾರು ಮುನ್ನೂರು ವರ್ಷ ಹೀಗೇ ನಡೆಯಿತು. 1836ರಲ್ಲಿ ಬೆಲ್ಜಿಯಂನ ಲಿಯೆಜ್ ಊರಿನಲ್ಲಿ ಚಾರ್ಲ್ಸ್ ಮೊರೆನ್ ಎಂಬ ಸಸ್ಯಶಾಸ್ತ್ರಜ್ಞ ಕೈಯಿಂದ ಪರಾಗ ಮುಟ್ಟಿಸಿ ಕಾಯಿ ಕಟ್ಟಿಸಿದರು. ಎಲ್ಲಿ ಗೊತ್ತಾ? ಹಸಿರುಮನೆಯಲ್ಲಿ! ಹಾಗಾಗಿ ನಮ್ಮ ಕುವೆಂಪುನಗರದ ಸಾಹಸಕ್ಕೆ ಒಳ್ಳೆ ಪರಂಪರೆ ಇದೆ.

ಆದರೆ ಸಾಗರದವರು ಈಗ ಹೇಳಿಕೊಟ್ಟ ಕಡ್ಡಿ, ಹೆಬ್ಬೆರಳಿನ ವಿಧಾನ ಯಾವ ಪ್ರೊಫೆಸರದ್ದೂ ಅಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ 12 ವರ್ಷದ ಹುಡುಗ ಕಂಡುಹಿಡಿದದ್ದು. ಅವನು ಗುಲಾಮ. ಮಡಗಾಸ್ಕರ್‌ನಿಂದ ಸಾಗರದವರೆಗೆ ಇವತ್ತಿಗೂ ನಡೆಯುತ್ತಿರುವುದು ಅದೇ ವಿಧಾನ. 1848ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾದ ಮೇಲೆ ಆಲ್ಬಿಯಸ್ ಎಂಬ ಅಡ್ಡಹೆಸರು ಸಿಕ್ಕಿತು. ದುಡ್ಡು ಸಿಗಲಿಲ್ಲ. 1880ರಲ್ಲಿ ಬಡವನಾಗಿಯೇ ಸತ್ತ. ದ್ವೀಪದ ತೋಟದ ಮಾಲೀಕರು ಶ್ರೀಮಂತರಾದರು.

ತಾರಸಿತೋಟ, ಏಪ್ರಿಲ್

ಹೂ ತಿಳಿಹಳದಿ ಹಸಿರು, ಮೇಣ ಹಚ್ಚಿದಂತೆ ನುಣುಪು. ದಳ ಸೀಳುವಾಗ ಒಳಗೆ ಸಣ್ಣ ಕೂದಲಿನ ಕುಚ್ಚು ಕಾಣಿಸಿತು. ಪರದೆ ನಿಜಕ್ಕೂ ಉಗುರಿನ ಅಂಚಿನಷ್ಟೇ ಇದೆ. ಕನ್ನಡಕ ಹಾಕಿಕೊಂಡರೂ ಹುಡುಕಬೇಕು. ಟೋಪಿ ಒತ್ತಿದಾಗ ಪರಾಗ ಹುಡಿಯಾಗಿ ಉದುರಲಿಲ್ಲ, ಒಂದೇ ಮುದ್ದೆಯಾಗಿ ಕೆಳಗೆ ಅಂಟಿತು. ಎಸ್‌ಎಸ್‌ಎಲ್‌ಸಿ ಮುಗಿಸಿ ಮನೆಯಲ್ಲಿರುವ ಮಗಳ ಕೈ ನನಗಿಂತ ಸೂಕ್ಷ್ಮ. ಈಗ ಬೆಳಗಿನ ಪಾಳಿ ಅವಳದ್ದೇ.

ಕಾಯಿಗಳು ಗೊಂಚಲಾಗಿ ಬಾಳೆಯ ಚಿಪ್ಪಿನಂತೆ ಮೇಲಕ್ಕೆ ಬಾಗಿ ನಿಂತಿವೆ. ಬಸವನಹುಳು ಎರಡು ಎಳೆ ತುದಿ ತಿಂದು ಹಾಕಿದೆ. ಮೇಷ್ಟ್ರ ನೀರಿನ ತೊಟ್ಟಿಯ ಪಕ್ಕದಲ್ಲೇ ಅದರ ಸಂಸಾರ.

ಬಿಸಿಲುಕೋಲು

ರಾತ್ರಿ ಒದ್ದೆ ಗೋಣಿ ಹಾಸಿ, ಕೆಳಗೆ ಪಪ್ಪಾಯಿ ಎಲೆ ಇಡಿ. ಬೆಳಗ್ಗೆ ಎಲ್ಲವೂ ಅಲ್ಲೇ ಸೇರಿರುತ್ತವೆ. ಎತ್ತಿ ಉಪ್ಪು ನೀರಿನ ಬಕೆಟ್‌ಗೆ ಹಾಕಿ. ಕುಂಡಕ್ಕೆ ಉಪ್ಪು ಹಾಕಬೇಡಿ ಮತ್ತೆ.

ತಾರಸಿತೋಟ, ಡಿಸೆಂಬರ್

ಕಾಯಿ ಒಂದೊಂದು ಗೇಣುದ್ದ ಆಗಿ ಬಹಳ ತಿಂಗಳಾಯಿತು. ಈಗ ಕೆಲವದರ ತುದಿ ಹಳದಿ. ಮೂಸಿದರೆ ಹುಲ್ಲಿನ ವಾಸನೆ, ಅಷ್ಟೇ. ನಮ್ಮತ್ತೆ "ಇದಕ್ಕಿಂತ ಏಲಕ್ಕಿ ವಾಸಿ" ಅಂದರು.

ಲ್ಯಾಬ್ ರಾಯರು (ಸರಸ್ವತಿಪುರಂ)

ಹಸಿ ಕಾಯಿಗೆ ಪರಿಮಳ ಇರುವುದಿಲ್ಲ. ಆ ಪರಿಮಳ ಕೊಡುವ ವೆನಿಲಿನ್ ಆಗ ಸಕ್ಕರೆಯ ಒಂದು ಅಣುವಿಗೆ ಕಟ್ಟಿಕೊಂಡಿರುತ್ತದೆ. ಕಾಯಿಯೊಳಗಿನ ಕಿಣ್ವ ಆ ಕಟ್ಟು ಬಿಡಿಸಬೇಕು. ಹದ ಮಾಡುವುದು ಅಂದರೆ ಕಿಣ್ವಕ್ಕೆ ಆ ಅವಕಾಶ ಕೊಡುವುದು. ಬೇಯಿಸಿದರೆ ಕಿಣ್ವವೂ ಸಾಯುತ್ತದೆ, ಹಾಗಾಗಿ ಬಿಸಿ ನೀರಿಗೆ ಥರ್ಮಾಮೀಟರ್ ಬೇಕೇ ಬೇಕು.

63ರಿಂದ 65 ಡಿಗ್ರಿ ನೀರಿನಲ್ಲಿ ಮೂರು ನಿಮಿಷ ಅದ್ದಿ. ಒರೆಸಿ, ಬಿಸಿ ಇರುವಾಗಲೇ ಕಂಬಳಿಯಲ್ಲಿ ಸುತ್ತಿ, ಥರ್ಮೋಕೋಲ್ ಡಬ್ಬಿಯಲ್ಲಿ ಮುಚ್ಚಿಡಿ. ಬೆಳಗಾಗುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ಒಂದೆರಡು ವಾರ ದಿನಾ ಎರಡು ಮೂರು ಗಂಟೆ ಬಿಸಿಲು, ಬಿಸಿಯಾಗಿರುವಾಗಲೇ ಮತ್ತೆ ಕಂಬಳಿ. ನಂತರ ನೆರಳಿನಲ್ಲಿ ನಿಧಾನವಾಗಿ ಒಣಗಲಿ. ಬೆರಳಿಗೆ ಸುತ್ತಿದರೆ ಮುರಿಯದೆ ಬಾಗಬೇಕು. ಕೊನೆಗೆ ಗಾಜಿನ ಡಬ್ಬಿಯಲ್ಲಿ ಎರಡು ಮೂರು ತಿಂಗಳು. ವಾರಕ್ಕೊಮ್ಮೆ ತೆಗೆದು ನೋಡಿ, ಬೂಸ್ಟು ಕಂಡ ಕಾಯಿಯನ್ನು ತೆಗೆದುಹಾಕಿ.

ಐದಾರು ಕೆಜಿ ಹಸಿ ಕಾಯಿಗೆ ಒಂದು ಕೆಜಿ ಒಣಗಿದ್ದು ಬರುತ್ತದೆ. ಅಂಗಡಿಯ ಅಗ್ಗದ ಎಸೆನ್ಸ್ ಹೆಚ್ಚಿನದು ಕಾರ್ಖಾನೆಯ ವೆನಿಲಿನ್. ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಘಟ್ಟದ ತೋಟ

ರಾಯರು ಹೇಳಿದ್ದು ಸರಿ. ಆದರೆ ಎಲ್ಲ ಒಟ್ಟಿಗೆ ಕೊಯ್ಯಬೇಡಿ. ತುದಿ ಹಳದಿ ಆದದ್ದನ್ನು ಮಾತ್ರ, ಆದ ಹಾಗೆ ಕೊಯ್ಯಿರಿ. ಪೂರ್ತಿ ಹಳದಿಯಾಗಲು ಬಿಟ್ಟರೆ ಸೀಳಿ ಹೋಗುತ್ತದೆ.

ಮಂಡ್ಯದ ಕಬ್ಬು

ಮೇಡಂ, ನನ್ನ ತುಂಡು? ಕೊಟ್ಟಿಗೆ ಪಕ್ಕ ಬಳ್ಳಿ ಹಬ್ಬಿಸಲು ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ನಾಲ್ಕಿವೆ, ನೆರಳೂ ಇದೆ. ಬುಡಕ್ಕೆ ಕಬ್ಬಿನ ತರಗು ಹಾಕಲಾ? ನಮ್ಮದು ಬೋರ್ ನೀರು, ಪಾತ್ರೆಯಲ್ಲೆಲ್ಲ ಬಿಳಿ ಕಟ್ಟುತ್ತದೆ.

ಘಟ್ಟದ ತೋಟ

ತರಗು ಹಾಕಿ, ಗೆದ್ದಲು ಬಾರದಂತೆ ನೋಡಿಕೊಳ್ಳಿ. ಬುಡ ಅಗೆಯಬೇಡಿ, ಬೇರೆಲ್ಲ ಮೇಲೇ ಇರುತ್ತದೆ. ಬೋರ್ ನೀರಿನ ಬದಲು ಮಳೆ ನೀರು ಹಿಡಿದಿಟ್ಟುಕೊಂಡರೆ ಒಳ್ಳೆಯದು. ಮೀಟರ್ ಉದ್ದದ ತುಂಡು ತೊಗೊಳ್ಳಿ, ಗಿಡ್ಡ ತುಂಡಾದರೆ ಹೂವಿಗೆ ಇನ್ನೂ ವರ್ಷಗಟ್ಟಲೆ ಕಾಯಬೇಕು. ಕೆಳಗಿನ ಎರಡು ಮೂರು ಎಲೆ ತೆಗೆದು, ಒಂದು ವಾರ ನೆರಳಿನಲ್ಲಿ ಬಿಟ್ಟು ಆಮೇಲೆ ನೆಡಿ. ಎಲೆ ತೆಗೆದ ಗೆಣ್ಣುಗಳನ್ನು ಮಾತ್ರ ಮಣ್ಣಿನಲ್ಲಿ ಮಲಗಿಸಿ. ಕೊಯ್ದ ತುದಿ ಮಣ್ಣಿನಿಂದ ಹೊರಗೆ ಇಣುಕುತ್ತಿರಲಿ. ಅದನ್ನು ಹೂತರೆ ಕೊಳೆ ಅಲ್ಲಿಂದಲೇ ಶುರು.

ತಾರಸಿತೋಟ

ಈ ಚಳಿಯಲ್ಲಿ ಬೇಡ ಅಣ್ಣ. ಮೇ ಕೊನೆಗೆ, ಒಂದೆರಡು ಮಳೆ ಬಿದ್ದಮೇಲೆ ಬನ್ನಿ. ಹೂ ಬಿಡದ ಬಳ್ಳಿಯಲ್ಲಿ ಎರಡು ತುಂಡು ನಿಮಗೆ ಅಂತ ದಾರ ಕಟ್ಟಿ ಗುರುತು ಮಾಡಿದ್ದೇನೆ.

ಮಂಡ್ಯದ ಕಬ್ಬು

ಆಗಲಿ ಮೇಡಂ. ಬರುವಾಗ ಒಂದು ಅಚ್ಚು ಬೆಲ್ಲ ತರುತ್ತೇನೆ. ತುಂಡು ಹಾಕಿಕೊಳ್ಳಲು ಗೋಣಿಚೀಲ ಸಾಕಾ?

ತಾರಸಿತೋಟ

ಸಾಕು. ಗ್ಲೌಸ್ ಮಾತ್ರ ಮರೆಯಬೇಡಿ.